‘ಪದವಿಯ ಜೊತೆಗೇ ಐಎಎಸ್’ ಕೋರ್ಸ್: ಓದಿ ಮುಗಿಸಿದವಳ ಅಭಿಪ್ರಾಯ

ಪಿಯುಸಿ ಫಲಿತಾಂಶ ಬಂದ ಕೂಡಲೇ ‘ಪದವಿಯ ಜೊತೆಗೇ ಐಎಎಸ್ ತರಬೇತಿ’ ಎಂಬ ಜಾಹೀರಾತುಗಳು ಶುರುವಾಗುತ್ತವೆ. ಅಂಥ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಬಿ.ಎ. ಮುಗಿಸಿದ್ದೇನೆ. ಬೆಳಿಗ್ಗೆ ಏಳಕ್ಕೆ ತರಬೇತಿ, ಹತ್ತರಿಂದ ಪದವಿ ತರಗತಿಗಳು. ಶುಲ್ಕ ಸರ್ಕಾರಿ ಕಾಲೇಜಿನ ಬಿ.ಎ.ಗಿಂತ ಹಲವು ಪಟ್ಟು ಹೆಚ್ಚು. ಕಾಲೇಜಿನ ಹೆಸರು ಇಲ್ಲಿ ಬೇಡ. ಇಂಥ ಕೋರ್ಸಿಗೆ ಸೇರುವವರು ಏನನ್ನು ನೋಡಬೇಕು ಎಂಬುದಷ್ಟೇ ನನಗೆ ಮುಖ್ಯ.

ಕೊಟ್ಟ ಹಣಕ್ಕೆ ನಿಜವಾಗಿ ಸಿಕ್ಕಿದ್ದು ಉತ್ತರ ಬರೆಯುವ ಅಭ್ಯಾಸ. ಯುಪಿಎಸ್‌ಸಿ ನಡೆಸುವ ನಾಗರಿಕ ಸೇವಾ ಪರೀಕ್ಷೆಯಿಂದಲೇ ಐಎಎಸ್‌ಗೆ ಆಯ್ಕೆ. ಅದರ ಎರಡನೇ ಹಂತವಾದ ಮುಖ್ಯ ಪರೀಕ್ಷೆಯ ಮೊದಲ ಮೂರು ಸಾಮಾನ್ಯ ಅಧ್ಯಯನ ಪತ್ರಿಕೆಗಳಲ್ಲಿ ತಲಾ ಮೂರು ಗಂಟೆಗೆ ಇಪ್ಪತ್ತು ಪ್ರಶ್ನೆಗಳಿರುತ್ತವೆ. 10 ಅಂಕದ ಪ್ರಶ್ನೆಗೆ 150 ಪದ, 15 ಅಂಕದ್ದಕ್ಕೆ 250 ಪದ. ಅಂದರೆ ಒಂದು ಉತ್ತರಕ್ಕೆ ಸರಾಸರಿ ಒಂಬತ್ತು ನಿಮಿಷ. ಓದಿಕೊಂಡಿದ್ದೆಲ್ಲ ತಲೆಯಲ್ಲಿದ್ದರೂ ಕೈ ಪಳಗದಿದ್ದರೆ ಆ ಒಂಬತ್ತು ನಿಮಿಷದಲ್ಲಿ ಪೀಠಿಕೆಯೇ ಮುಗಿಯುವುದಿಲ್ಲ. ನಮ್ಮ ರಾಜ್ಯಶಾಸ್ತ್ರದ ಮೇಡಂ ಪ್ರತಿ ಶನಿವಾರ ಉತ್ತರ ಬರೆಸುತ್ತಿದ್ದರು. ರಾಜ್ಯಪಾಲರ ವಿವೇಚನಾಧಿಕಾರದ ಬಗ್ಗೆ ನಾನು ಬರೆದ ಉತ್ತರದ ಮೊದಲ ಪುಟಕ್ಕೆ ಅಡ್ಡಗೆರೆ ಎಳೆದು, ಎರಡನೇ ಪುಟದ ಮೂರನೇ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಉತ್ತರ ಇಲ್ಲಿಂದ ಶುರುವಾಗಿದೆ’ ಎಂದು ಬರೆದಿದ್ದರು. ಆ ಹಾಳೆಯನ್ನು ಈಗಲೂ ಇಟ್ಟುಕೊಂಡಿದ್ದೇನೆ. ಎಷ್ಟು ಟಿಪ್ಪಣಿ ಪುಸ್ತಕ ಕೊಟ್ಟರೂ ಇಂಥ ಒಂದು ಗೆರೆಗೆ ಸಮವಲ್ಲ. ಮೇಡಂ ಎರಡನೇ ವರ್ಷದ ಕೊನೆಯಲ್ಲಿ ಬೇರೆಡೆಗೆ ಹೋದರು. ಅವರ ಜಾಗಕ್ಕೆ ಬಂದವರು ಹಾಳೆಗಳ ಮೇಲೆ ಅಂಕ ಹಾಕಿ ಕೊಡುತ್ತಿದ್ದರು, ಅಷ್ಟೇ.

ಇನ್ನು ವಿಷಯ ಆಯ್ಕೆ. ನನಗೆ ಅತಿ ಹೆಚ್ಚು ಬೇಸರ ತಂದದ್ದು ಇದೇ. ‘ಐಎಎಸ್‌ಗೆ ಬಿ.ಎ.ಯೇ ಸೂಕ್ತ, ಅದರಲ್ಲೂ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರವೇ ಆಗಬೇಕು’ ಎಂದು ಪ್ರವೇಶದ ದಿನವೇ ಹೇಳಿ, ಬೇರೆ ದಾರಿಯನ್ನೇ ಇಡಲಿಲ್ಲ. ಐಚ್ಛಿಕ ಕನ್ನಡ ಬೇಕೆಂದ ನನ್ನ ಗೆಳತಿಗೆ ‘ಅದು ಉಪಯೋಗಕ್ಕೆ ಬರುವುದಿಲ್ಲ’ ಎಂದರು. ಇದು ತಪ್ಪು ಮಾಹಿತಿ. ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದೇ ಪದವಿ ಇದ್ದರೂ ನಾಗರಿಕ ಸೇವಾ ಪರೀಕ್ಷೆ ಬರೆಯಬಹುದು. ಮುಖ್ಯ ಪರೀಕ್ಷೆಗೆ ಅಭ್ಯರ್ಥಿಯೇ ಆರಿಸಿಕೊಳ್ಳುವ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಕನ್ನಡ ಸಾಹಿತ್ಯವೂ ಇದೆ. ಲಿಖಿತ ಪರೀಕ್ಷೆಯ 1750 ಅಂಕಗಳಲ್ಲಿ 500 ಐಚ್ಛಿಕ ವಿಷಯದವು. ಹಳಗನ್ನಡವನ್ನು ಪ್ರೀತಿಯಿಂದ ಓದುವ ಹುಡುಗಿಗೆ ಆ 500 ಅಂಕಗಳ ದಾರಿಯನ್ನು ಮುಚ್ಚುವ ಹಕ್ಕು ಯಾರಿಗೂ ಇಲ್ಲ. ಪದವಿಯಲ್ಲಿ ಓದಿದ್ದನ್ನೇ ಐಚ್ಛಿಕವಾಗಿ ತೆಗೆದುಕೊಳ್ಳಬೇಕೆಂಬ ನಿಯಮವೂ ಇಲ್ಲ. ಎಂಜಿನಿಯರಿಂಗ್ ಓದಿದವರು ಮಾನವಶಾಸ್ತ್ರವನ್ನೋ ಸಮಾಜಶಾಸ್ತ್ರವನ್ನೋ ಆರಿಸಿಕೊಳ್ಳುವುದು ಸಾಮಾನ್ಯ.

ಅವರು ಹೇಳದೆ ಬಿಟ್ಟ ಮತ್ತೊಂದು ಸಂಗತಿ ಇನ್ನೂ ಗಂಭೀರವಾದದ್ದು. ಭಾರತೀಯ ಅರಣ್ಯ ಸೇವೆಗೂ ಮೊದಲ ಹಂತದ ಪೂರ್ವಭಾವಿ ಪರೀಕ್ಷೆ (ಪ್ರಿಲಿಮ್ಸ್) ನಾಗರಿಕ ಸೇವೆಯದೇ, ಆದರೆ ಅಲ್ಲಿ ‘ಯಾವುದೇ ಪದವಿ’ ನಡೆಯುವುದಿಲ್ಲ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನ, ರಸಾಯನಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರದಂಥ ವಿಷಯವೊಂದು ಪದವಿಯಲ್ಲಿ ಇರಬೇಕು, ಇಲ್ಲವೇ ಕೃಷಿ, ಅರಣ್ಯವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಆಗಿರಬೇಕು. ಪಿಯುಸಿಯಲ್ಲಿ ವಿಜ್ಞಾನ ಓದಿ, ಕಾಡಿನ ಕೆಲಸದ ಕನಸಿಟ್ಟುಕೊಂಡು ನಮ್ಮ ಬಿ.ಎ.ಗೆ ಬಂದ ಸಹಪಾಠಿಯೊಬ್ಬನಿಗೆ ಇದು ತಿಳಿದದ್ದು ಕೊನೆಯ ವರ್ಷದಲ್ಲಿ. ಪ್ರವೇಶದ ದಿನ ಎರಡು ನಿಮಿಷ ಇದಕ್ಕಾಗಿ ಕೊಟ್ಟಿದ್ದರೆ ಸಾಕಿತ್ತು.

‘ಅಂತಿಮ ವರ್ಷದಲ್ಲೇ ಪ್ರಿಲಿಮ್ಸ್ ಬರೆಸುತ್ತೇವೆ’ ಎಂಬುದು ಕಾಲೇಜಿನ ದೊಡ್ಡ ಆಕರ್ಷಣೆ. ಅಂತಿಮ ವರ್ಷದವರು ಬರೆಯಬಹುದು, ನಿಜ. ಆದರೆ ಪರೀಕ್ಷೆಯ ವರ್ಷದ ಆಗಸ್ಟ್ 1ಕ್ಕೆ 21 ವರ್ಷ ತುಂಬಿರಬೇಕು. ಐದೂವರೆ ವರ್ಷಕ್ಕೇ ಒಂದನೇ ತರಗತಿಗೆ ಸೇರಿದ್ದವರು ನಮ್ಮಲ್ಲಿ ಕೆಲವರಿದ್ದರು, ಅವರಿಗೆ ಅರ್ಜಿ ಹಾಕಲು ಸಾಧ್ಯವೇ ಆಗಲಿಲ್ಲ. 21 ತುಂಬಿದ್ದವರನ್ನು ‘ಅಭ್ಯಾಸಕ್ಕಾಗಿ ಬರೆಯಿರಿ’ ಎಂದು ಹುರಿದುಂಬಿಸಿದರು. ಪೂರ್ವಭಾವಿಯ ಒಂದು ಪತ್ರಿಕೆಗೆ ಕುಳಿತರೂ ಒಂದು ಅವಕಾಶ ಮುಗಿದಂತೆ. ಸಾಮಾನ್ಯ ವರ್ಗದವರಿಗೆ ಇರುವುದು ಒಟ್ಟು ಆರು, ಇತರೆ ಹಿಂದುಳಿದ ವರ್ಗದವರಿಗೆ ಒಂಬತ್ತು. ಅಭ್ಯಾಸಕ್ಕೆ ಯುಪಿಎಸ್‌ಸಿ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಗಡಿಯಾರ ಮುಂದಿಟ್ಟುಕೊಂಡು ಮನೆಯಲ್ಲೇ ಬರೆಯಬಹುದು. ಇದನ್ನು ತರಬೇತುದಾರರೇ ಹೇಳಬೇಕಿತ್ತು.

ಪೂರ್ವಭಾವಿಯಲ್ಲಿ ಗಣಿತ, ತರ್ಕಗಳನ್ನು ಪರೀಕ್ಷಿಸುವ ಸಿ-ಸ್ಯಾಟ್ ಪತ್ರಿಕೆಯ ತರಗತಿ ಚೆನ್ನಾಗಿತ್ತು. ಅರ್ಹತೆಗೆ ಶೇ 33 ಸಾಕಾದರೂ ಕಲಾ ವಿಭಾಗದ ಎಷ್ಟೋ ಮಂದಿ ಎಡವುವುದು ಅಲ್ಲೇ, ಆ ಭಯವನ್ನು ಗಣಿತದ ಮೇಷ್ಟ್ರು ಬಿಡಿಸಿದರು. ಗ್ರಂಥಾಲಯ ಸಂಜೆ ಆರಕ್ಕೇ ಬಾಗಿಲು ಹಾಕುತ್ತಿತ್ತು. ಮುಖ್ಯ ಪರೀಕ್ಷೆಯ ಕಡ್ಡಾಯ ಕನ್ನಡ ಪತ್ರಿಕೆಗೆ ಒಂದೇ ಒಂದು ತರಗತಿಯೂ ನಡೆಯಲಿಲ್ಲ. 300 ಅಂಕದ ಆ ಪತ್ರಿಕೆಯಲ್ಲಿ ಶೇ 25 ಬರದಿದ್ದರೆ ಉಳಿದ ಪತ್ರಿಕೆಗಳ ಅಂಕಗಳು ಲೆಕ್ಕಕ್ಕೇ ಬರುವುದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಪ್ರಬಂಧ, ಸಂಕ್ಷೇಪ, ಅನುವಾದಗಳ ಅಭ್ಯಾಸ ಖಂಡಿತ ಬೇಕು.

ಒಟ್ಟಾರೆ, ಐದಕ್ಕೆ ಎರಡೂವರೆ ಕೊಡುತ್ತೇನೆ. ಅದರಲ್ಲಿ ಎರಡು ಅಂಕ ಆ ಮೇಡಂ ಮತ್ತು ಆ ಮೇಷ್ಟ್ರಿಗೆ ಸೇರಬೇಕು. ನನ್ನ ತಂಗಿಯನ್ನು ಇಲ್ಲಿಗೆ ಸೇರಿಸಲಿಲ್ಲ. ಗಿಡಮರಗಳೆಂದರೆ ಅವಳಿಗೆ ಪ್ರಾಣ, ಹಾಗಾಗಿ ಸರ್ಕಾರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಬಿ.ಎಸ್ಸಿ. ಓದುತ್ತಿದ್ದಾಳೆ. ತರಬೇತಿ ಬೇಕೆನಿಸಿದರೆ ಪದವಿ ಮುಗಿದ ಮೇಲೆ ಹಿಂದುಳಿದ ವರ್ಗಗಳ ಇಲಾಖೆಯ ಪರೀಕ್ಷಾ ಪೂರ್ವ ತರಬೇತಿಗೆ ಅರ್ಜಿ ಹಾಕುತ್ತಾಳೆ. ಇಂಥ ಕೋರ್ಸಿಗೇ ಸೇರಬೇಕೆಂದಿರುವವರು ಹಣ ಕಟ್ಟುವ ಮೊದಲು ಹಿರಿಯ ವಿದ್ಯಾರ್ಥಿಗಳ ತಿದ್ದಿದ ಉತ್ತರ ಪತ್ರಿಕೆಗಳನ್ನು ಕೇಳಿ ನೋಡಿ, ತಿದ್ದಿದ ಅಧ್ಯಾಪಕರು ಈಗಲೂ ಅಲ್ಲಿದ್ದಾರೆಯೇ ಎಂದೂ ವಿಚಾರಿಸಿ.