ದಾವಣಗೆರೆಯಲ್ಲಿ ಟೋಟಲ್ ಸ್ಟೇಷನ್ ಸರ್ವೆ: ಫೀಲ್ಡ್ ಕೆಲಸ ಅಚ್ಚುಕಟ್ಟು, ಲೆಕ್ಕದ ಹಾಳೆ ನೋಡಿ ತಗೊಳ್ಳಿ

ಟೋಟಲ್ ಸ್ಟೇಷನ್ (ಕೋನ, ದೂರ ಎರಡನ್ನೂ ಅಳೆಯುವ ಸರ್ವೆ ಉಪಕರಣ) ಇಟ್ಟು ಲೇಔಟ್ ಮತ್ತು ರಸ್ತೆ ಕೆಲಸಗಳಿಗೆ ಕಟಿಂಗ್ (ಮಣ್ಣು ಅಗೆದು ತೆಗೆಯುವುದು), ಫಿಲ್ಲಿಂಗ್ (ಮಣ್ಣು ತುಂಬುವುದು) ಲೆಕ್ಕ ಹಾಕಿಕೊಡುವ ಊರಿನ ಸರ್ವೆ ತಂಡವೊಂದರ ಬಗ್ಗೆ ಇದು. ಫೀಲ್ಡ್ ಕೆಲಸಕ್ಕೆ ಪೂರ್ತಿ ಅಂಕ. ಜೆಸಿಬಿ ಇಳಿಯುವ ಮೊದಲೇ ಮೂಲ ನೆಲದ ಲೆವೆಲ್ ತೆಗೆಯುತ್ತಾರೆ. ಟಿ.ಬಿ.ಎಂ. (ಎತ್ತರ ಅಳೆಯಲು ಆಧಾರವಾಗುವ ತಾತ್ಕಾಲಿಕ ಬೆಂಚ್ ಮಾರ್ಕ್) ಗುರುತನ್ನು ಮೋರಿಯ ಕಾಂಕ್ರೀಟ್ ಗೋಡೆ ಮೇಲೆ ಹಾಕುತ್ತಾರೆ. ನಮ್ಮ ಎರೆ ಭೂಮಿಯಲ್ಲಿ ಇದು ದೊಡ್ಡ ವಿಷಯ. ಗೂಟ ಹೊಡೆದು ನಂಬಿಕೊಂಡರೆ, ಮಳೆ ಬಿದ್ದು ನೆಲ ಉಬ್ಬಿದಾಗ ಗೂಟವೂ ಮೇಲೇಳುತ್ತದೆ. ಕೆರೆದು ತೆಗೆದ 15 ಸೆಂ.ಮೀ. ಮೇಲ್ಮಣ್ಣನ್ನೂ ಬೇರೆ ಕಾಲಂನಲ್ಲಿ ತೋರಿಸುತ್ತಾರೆ.

ತಕರಾರು ಇರುವುದು ಲೆಕ್ಕದಲ್ಲಿ. 30 ಮೀಟರಿಗೊಂದು ಕ್ರಾಸ್ ಸೆಕ್ಷನ್ (ನೆಲವನ್ನು ಅಡ್ಡಲಾಗಿ ಸೀಳಿದಂತೆ ಕಾಣುವ ಆಕಾರ) ತೆಗೆದು, ಎರಡು ತುದಿಗಳ ವಿಸ್ತೀರ್ಣದ ಸರಾಸರಿಯನ್ನು ಉದ್ದದಿಂದ ಗುಣಿಸಿಬಿಡುತ್ತಾರೆ. ಗದ್ದೆ ಬಯಲಿಗೆ ಅಷ್ಟು ಸಾಕು, ಚಿತ್ರದುರ್ಗದ ಕಡೆಯ ಗುಡ್ಡದ ನೆಲಕ್ಕೆ ಸಾಲದು. ತಳದ ಅಗಲ 10 ಮೀ., ಪಕ್ಕದ ಇಳಿಜಾರು 1:1, ಆಳ ಒಂದು ತುದಿಯಲ್ಲಿ 1 ಮೀ., ಇನ್ನೊಂದರಲ್ಲಿ 3 ಮೀ. ಇದ್ದರೆ ವಿಸ್ತೀರ್ಣ 11 ಮತ್ತು 39 ಚದರ ಮೀ.; ಸರಾಸರಿ ಲೆಕ್ಕದಲ್ಲಿ 750 ಘನ ಮೀ. ಬರುತ್ತದೆ. ಪ್ರಿಸ್ಮಾಯ್ಡಲ್ ಸೂತ್ರದಲ್ಲಿ ನಡುವಿನ 2 ಮೀ. ಆಳದ ವಿಸ್ತೀರ್ಣ 24ನ್ನು ನಾಲ್ಕು ಪಟ್ಟು ಮಾಡಿ, ತುದಿಗಳ ವಿಸ್ತೀರ್ಣ ಕೂಡಿಸಿದರೆ 146. ಅದನ್ನು ಉದ್ದದ ಆರನೇ ಒಂದು ಭಾಗ, ಅಂದರೆ 5ರಿಂದ ಗುಣಿಸಿದರೆ 730. ಒಂದೇ ತುಂಡಿಗೆ 20 ಘನ ಮೀ. ಹೆಚ್ಚು ಬಿಲ್!

ಕಟಿಂಗ್ ಮುಗಿದು ಫಿಲ್ಲಿಂಗ್ ಶುರುವಾಗುವ ಕಡೆ ಇನ್ನೂ ಕೆಟ್ಟದು. ಅಡ್ಡ ಇಳಿಜಾರಿನಲ್ಲಿ ಸೆಕ್ಷನ್ ತ್ರಿಕೋನವಾಗಿ ಕಿರಿದಾಗುತ್ತ ಸೊನ್ನೆಗೆ ಬರುತ್ತದೆ. ಆಕಾರ ಪಿರಮಿಡ್ಡಿನದು, ಹಿಡಿಯಬೇಕಾದ್ದು ವಿಸ್ತೀರ್ಣವನ್ನು ಉದ್ದದಿಂದ ಗುಣಿಸಿದ್ದರ ಮೂರನೇ ಒಂದು ಭಾಗ. ಸರಾಸರಿ ಲೆಕ್ಕ ಅರ್ಧ ಹಿಡಿಯುತ್ತದೆ, ನಿಜದ ಒಂದೂವರೆ ಪಟ್ಟು. ಆ ಸೊನ್ನೆ ಬಿಂದುವಿನ ಚೈನೇಜ್‌ನಲ್ಲಿ (ಆರಂಭದಿಂದ ಉದ್ದಕ್ಕೆ ಅಳೆದ ದೂರದಲ್ಲಿ) ಸೆಕ್ಷನ್ ತೆಗೆಯಲೇಬೇಕು. ಕೇಳಿದರೆ ಬೇಸರವಿಲ್ಲದೆ ತೆಗೆಯುತ್ತಾರೆ, ಕೇಳದಿದ್ದರೆ ಬಿಡುತ್ತಾರೆ.

ವರದಿಯ ಫಿಲ್ಲಿಂಗ್ ಅಂಕಿ ರೋಲರ್ ಹೊಡೆದ ಮೇಲಿನದು, ಟಿಪ್ಪರಿನಲ್ಲಿ ಬರುವ ಗರಸು ಸಡಿಲ. ಆ ಅಂಕಿಯನ್ನೇ ಟಿಪ್ಪರಿನ ಅಳತೆಯಿಂದ ಭಾಗಿಸಿ ಲೋಡ್ ಹೇಳಿದರೆ ಗರಸು ಸಾಲುವುದಿಲ್ಲ. ಮೊದಲು ಒಂದು ಸಣ್ಣ ತುಂಡಿನಲ್ಲಿ ಲೋಡ್ ಎಣಿಸಿ ಹರಡಿ, ನೀರು ಹಾಕಿ ರೋಲ್ ಮಾಡಿ, ಮತ್ತೆ ಲೆವೆಲ್ ತೆಗೆಸಿ. ಸಡಿಲ ಗರಸು ರೋಲ್ ಆದಮೇಲೆ ಎಷ್ಟಕ್ಕೆ ಇಳಿಯುತ್ತದೆ ಎಂಬ ಸೈಟಿನ ನಿಜವಾದ ಪ್ರಮಾಣ ಅಲ್ಲೇ ಸಿಗುತ್ತದೆ.

ಒಟ್ಟು ಮೊತ್ತ ಮಾತ್ರ ಇರುವ ಪಿಡಿಎಫ್ ಒಪ್ಪಬೇಡಿ. ಚೈನೇಜ್‌ವಾರು ವಿಸ್ತೀರ್ಣ ಮತ್ತು ಎಲ್ಲ ಪಾಯಿಂಟುಗಳ ಆರ್.ಎಲ್. (ಆಧಾರ ಮಟ್ಟದಿಂದ ಲೆಕ್ಕ ಹಾಕಿದ ಎತ್ತರ) ಇರುವ ಎಕ್ಸೆಲ್ ಫೈಲ್ ಕೇಳಿ. ನೆಲ ಏರಿಳಿಯುವಲ್ಲಿ 10 ಮೀಟರಿಗೊಂದು ಸೆಕ್ಷನ್ ಬೇಕೆಂದು ಕೆಲಸ ಒಪ್ಪಿಸುವಾಗಲೇ ಬರೆಸಿಕೊಳ್ಳಿ. ಈ ಷರತ್ತುಗಳಿಗೆ ಒಪ್ಪಿದರೆ ಧೈರ್ಯವಾಗಿ ಕೆಲಸ ಕೊಡಬಹುದು.