ಸುಣ್ಣವೋ, ಡಿಸ್ಟೆಂಪರೋ, ಎಮಲ್ಷನ್ನೋ?

ಕಲಬುರಗಿಯಲ್ಲಿ ಹಳೆ ಮನೆ ರಿಪೇರಿ ಮಾಡಿಸ್ತಿದ್ದೀನಿ, ಕಡಿಮೆ ದುಡ್ಡಲ್ಲಿ ಯಾವ ಬಣ್ಣ ಹೊಡೆಸಲಿ ಅಂತ ಕೇಳಿದ್ದೀರಿ. ಮೊದಲು ಗೋಡೆ ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಖರ್ಚಲ್ಲಿ ಸುಣ್ಣ ಎಲ್ಲಕ್ಕಿಂತ ಅಗ್ಗ, ಡಿಸ್ಟೆಂಪರ್ (ನೀರಲ್ಲಿ ಕಲಸಿ ಹೊಡೆಯುವ ಅಗ್ಗದ ಬಣ್ಣ) ನಡುವೆ, ಎಮಲ್ಷನ್ (ಪ್ಲಾಸ್ಟಿಕ್ ಪೇಂಟ್ ಅಂತಾರಲ್ಲ, ಅದು) ಜಾಸ್ತಿ. ಎಮಲ್ಷನ್‌ಗೆ ಪುಟ್ಟಿ (ಗೋಡೆ ನಯ ಮಾಡೋ ಲೇಪ), ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹೊಡೆಯೋ ಕೋಟ್) ಖರ್ಚು ಕೂಡ ಸೇರುತ್ತದೆ. ಆದರೆ ಕೂಲಿ ಯಾವುದಕ್ಕೂ ತಪ್ಪಲ್ಲ ಅಲ್ವಾ, ಹಾಗಾಗಿ ಪ್ರತಿ ಯುಗಾದಿಗೂ ಆಳು ಹಚ್ಚಿ ಸುಣ್ಣ ಹೊಡೆಸೋದಾದರೆ ಐದಾರು ವರ್ಷದ ಲೆಕ್ಕ ಹಾಕಿ ನೋಡಿ. ನೀವೇ ಬ್ರಷ್ ಹಿಡಿದರೆ ಮಾತ್ರ ಸುಣ್ಣದಲ್ಲಿ ನಿಜವಾಗಿ ದುಡ್ಡು ಉಳಿಯುತ್ತದೆ. ಕಣ್ಣಿಗೆ ಸಿಡಿಯದ ಹಾಗೆ ಹುಷಾರು.

ಬಾಳಿಕೆ ಗೋಡೆ ಮೇಲೆ ನಿಂತಿದೆ. ಹಳೆ ಕಲ್ಲುಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಸುಣ್ಣ ಆ ತೇವ ಹೊರಗೆ ಹೋಗಲು ಬಿಡುತ್ತದೆ. ನಮ್ಮ ಅಡುಗೆಮನೆಯ ಶಹಾಬಾದ್ ಕಲ್ಲಿನ ಗೋಡೆಗೆ ಎಮಲ್ಷನ್ ಹೊಡೆಸಿದ್ದೆವು, ಒಂದೇ ಮಳೆಗಾಲಕ್ಕೆ ಹಪ್ಪಳದಂತೆ ಉಬ್ಬಿತು. ಉಗುರು ತಾಗಿಸಿದರೆ ಸಿಪ್ಪೆ ಬಂದು ಒಳಗಿಂದ ಬಿಳಿ ಉಪ್ಪು ಉದುರುತ್ತಿತ್ತು. ಸಿಮೆಂಟ್ ಗೋಡೆ, ಚೆನ್ನಾಗಿ ಒಣಗಿದೆ ಅಂದರೆ ಎಮಲ್ಷನ್ನೇ ಹೆಚ್ಚು ವರ್ಷ ಬರುತ್ತದೆ.

ಮಕ್ಕಳಿರೋ ಮನೆಗೆ ಎಮಲ್ಷನ್ ಸಲೀಸು, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಸುಣ್ಣ ಬಟ್ಟೆಗೆ ಹತ್ತುತ್ತದೆ. ಡಿಸ್ಟೆಂಪರ್ ಒಳಗೋಡೆಗೆ ಮಾತ್ರ, ಜಾಸ್ತಿ ತೊಳೆದರೆ ಬಿಡುತ್ತದೆ. ಬಾಡಿಗೆ ಕೊಡೋ ಮನೆಗೆ ಸಾಕು.

ಮಾಳಿಗೆಯ ಮೇಲ್ಗಡೆಗಂತೂ ಬಿಳಿ ಸುಣ್ಣ ಬಳಿಯಿರಿ, ಮೇ ತಿಂಗಳ ಬಿಸಿಲಿಗೆ ಕೋಣೆ ಸ್ವಲ್ಪ ತಣ್ಣಗಿರುತ್ತದೆ. ಹಳೆ ಎಮಲ್ಷನ್ ಮೇಲೆ ಸುಣ್ಣ ನಿಲ್ಲಲ್ಲ, ಕೆರೆದೇ ಹೊಡೆಯಬೇಕು.