ಮಾಕ್ರೋನ್ ಚೀಟಿಯಾ, ಖಾಲಿ ಲಕೋಟೆಯಾ, ಮನೆಯಲ್ಲೇ ಇರೋದಾ?

ಫ್ರಾನ್ಸಿನ 2022ರ ಅಧ್ಯಕ್ಷೀಯ ಚುನಾವಣೆಯ ಎರಡನೇ ಸುತ್ತಿನಲ್ಲಿ ಎಡಪಂಥದ ಮತದಾರರು ಏನು ಮಾಡಬೇಕಿತ್ತು ಅನ್ನೋದು ಪ್ರಶ್ನೆ. ಅವರ ಅಭ್ಯರ್ಥಿ ಮೆಲಾಂಶೋನ್ ಮೊದಲ ಸುತ್ತಿನಲ್ಲಿ 21.95% ಪಡೆದು ಮೂರನೆಯವರಾಗಿ ಹೊರಬಿದ್ದರು. ಉಳಿದವರು ಆಗ ಅಧ್ಯಕ್ಷರಾಗಿದ್ದ ಮಾಕ್ರೋನ್ ಮತ್ತು ತೀವ್ರ ಬಲಪಂಥದ ಮರೀನ್ ಲೆ ಪೆನ್.

ಫಲಿತಾಂಶ ಮುಖ್ಯವಾದರೆ ಮಾಕ್ರೋನ್ ಮತಕ್ಕೇ ತೂಕ ಜಾಸ್ತಿ. ಅಲ್ಲಿ ಅಭ್ಯರ್ಥಿಯ ಹೆಸರಿನ ಚೀಟಿಯನ್ನು ಲಕೋಟೆಯಲ್ಲಿಟ್ಟು ಪಾರದರ್ಶಕ ಪೆಟ್ಟಿಗೆಗೆ ಹಾಕುತ್ತಾರೆ. ಖಾಲಿ ಲಕೋಟೆಗಳನ್ನು 2014ರಿಂದ ಬೇರೆಯಾಗಿ ಎಣಿಸುತ್ತಾರೆ, ಆದರೆ ಗೆಲುವಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಹೆಚ್ಚುಕಡಿಮೆ ನಮ್ಮ ನೋಟಾ ಹಾಗೆ. ಮನೆಯಲ್ಲೇ ಕೂತರೆ ಅದು ಸಿಟ್ಟೋ ಸೋಮಾರಿತನವೋ ಯಾರಿಗೂ ಗೊತ್ತಾಗುವುದಿಲ್ಲ.

ಮನಸ್ಸಿನ ಭಾರ ನೋಡಿದರೆ ಲೆಕ್ಕ ಬೇರೆ. ನಿವೃತ್ತಿ ವಯಸ್ಸನ್ನು 65ಕ್ಕೆ ಏರಿಸುತ್ತೇನೆ ಎಂದ ಮಾಕ್ರೋನ್‌ಗೆ ಕೈಯಾರೆ ಮತ ಹಾಕುವುದು ಕಾರ್ಮಿಕರ ಪರ ನಿಂತವರಿಗೆ ನುಂಗಲಾರದ ತುತ್ತು. ಖಾಲಿ ಲಕೋಟೆ ಆ ಭಾರ ಇಳಿಸುತ್ತದೆ. ಆದರೆ ಲೆ ಪೆನ್ ಬೀದಿಯಲ್ಲೂ ಹಿಜಾಬ್ ನಿಷೇಧಿಸಿ ದಂಡ ಹಾಕುತ್ತೇನೆ ಎಂದಿದ್ದರು. ಆ ದಂಡ ಕಟ್ಟಬೇಕಾದವಳು ಪಕ್ಕದ ಮನೆಯ ಹೆಣ್ಣುಮಗಳು, ಅಲ್ವಾ?

2002ರ ಎರಡನೇ ಸುತ್ತಿನಲ್ಲಿ ಮರೀನ್ ಅವರ ತಂದೆ ಜಾನ್-ಮರಿ ಲೆ ಪೆನ್ ಎದುರು ಬಲಪಂಥದ ಅಧ್ಯಕ್ಷ ಶಿರಾಕ್ 82% ಗಳಿಸಿದರು. ಅಷ್ಟು ಅಂತರ ಖಚಿತವಿದ್ದರೆ ಖಾಲಿ ಲಕೋಟೆಯಿಂದ ಅಪಾಯ ಕಡಿಮೆ. ಆದರೆ ಆ ಅಂತರ ಬಂದದ್ದೂ ಎಡಪಂಥದವರು ಹೋಗಿ ಮತ ಹಾಕಿದ್ದರಿಂದ. 2022ರಲ್ಲಿ ಮಾಕ್ರೋನ್‌ಗೆ ಸಿಕ್ಕಿದ್ದು 58.55% ಮಾತ್ರ. ನಾನಾಗಿದ್ದರೆ ಅವರ ಚೀಟಿಯನ್ನೇ ಹಾಕಿ, ಮರುದಿನ ಪಿಂಚಣಿಗಾಗಿ ಬೀದಿಗಿಳಿಯುತ್ತಿದ್ದೆ.